ನೇಪಾಳ, ಭೂತಾನ ಪ್ರವಾಸ: ಟಿಕೆಟ್‌ಗೂ ಮೊದಲು ಗುರುತಿನ ಚೀಟಿ ನೋಡಿ

ಕಾಫಿ ಕೊಯ್ಲು, ಕರಿಮೆಣಸಿನ ಕೆಲಸ ಮುಗಿದು ಮಳೆ ಹಿಡಿಯುವವರೆಗೆ ಸಿಗುವ ಬಿಡುವಿನಲ್ಲಿ ಕೊಡಗಿನ ಎಷ್ಟೋ ಕುಟುಂಬಗಳು ನೇಪಾಳಕ್ಕೋ ಭೂತಾನಕ್ಕೋ ಹೊರಡುತ್ತವೆ. ಭಾರತೀಯರಿಗೆ ಎರಡೂ ಕಡೆ ವೀಸಾ ಬೇಡ. ಆದರೆ ಆಧಾರ್ ಒಂದನ್ನೇ ನಂಬಿ ಹೋಗಬೇಡಿ. ಬೆಂಗಳೂರಿನಿಂದ ಪಶ್ಚಿಮ ಬಂಗಾಳದ ಬಾಗ್ಡೋಗ್ರಾಕ್ಕೆ ವಿಮಾನದಲ್ಲಿ ಹೋಗಲು ಆಧಾರ್ ಸಾಕು. ಎಡವಟ್ಟಾಗುವುದು ಅಲ್ಲಿಂದ ನಾಲ್ಕೈದು ಗಂಟೆ ಕಾರಿನಲ್ಲಿ ಹೋಗಿ ಭೂತಾನಕ್ಕೆ ಹೊಂದಿಕೊಂಡ ಜೈಗಾಂವ್ ಗಡಿ ಮುಟ್ಟಿದಾಗ.

ಭೂತಾನಕ್ಕೆ ದೊಡ್ಡವರಿಗೆ ನಡೆಯುವ ದಾಖಲೆ ಎರಡೇ: ಕನಿಷ್ಠ 6 ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ. ಮೊಬೈಲಿನ ಫೋಟೋ ಸಾಲದು, ಅಸಲಿ ಚೀಟಿಯೇ ಕೈಯಲ್ಲಿರಲಿ. 18 ತುಂಬದ ಮಕ್ಕಳಿಗೆ ಪಾಸ್‌ಪೋರ್ಟ್ ಅಥವಾ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ಬೇಕು. ಕನ್ನಡದಲ್ಲಿ ಮಾತ್ರ ಬರೆದ ಹಳೆಯ ಪತ್ರವಿದ್ದರೆ ಎರಡೂ ಭಾಷೆಯಲ್ಲಿರುವ ಹೊಸ ಪ್ರತಿ ಪಡೆದುಕೊಳ್ಳಿ. ಹೆಚ್ಚು ಸಿಕ್ಕಿಬೀಳುವವರು ಆಗಷ್ಟೇ 18 ದಾಟಿದ ಕಾಲೇಜು ಹುಡುಗ ಹುಡುಗಿಯರು. ಜನನ ಪತ್ರ ಅವರಿಗೆ ನಡೆಯುವುದಿಲ್ಲ, ಮತದಾರರ ಚೀಟಿ ಇನ್ನೂ ಬಂದಿರುವುದಿಲ್ಲ. ಅಂಥವರಿಗೆ ಪಾಸ್‌ಪೋರ್ಟ್ ಮಾಡಿಸಿದ ಮೇಲೆಯೇ ಟಿಕೆಟ್ ತೆಗೆಯಿರಿ.

ಕೊಡಗಿನವರಿಗೆ ಹೆಸರಿನ ತೊಡಕು ಬೇರೆ. ಒಂದು ದಾಖಲೆಯಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಪೂರ್ತಿಯಾಗಿ ಮೊದಲು ಬರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುತ್ತದೆ. ಕಾರ್ಯಪ್ಪ ಎಂಬ ಹೆಸರು ಇಂಗ್ಲಿಷಿನಲ್ಲಿ ಒಂದು ಕಡೆ ‘ಸಿ’ಯಿಂದ, ಮತ್ತೊಂದು ಕಡೆ ‘ಕೆ’ಯಿಂದ ಶುರುವಾಗಿರುತ್ತದೆ. ಗಡಿಯಲ್ಲಿ ತೋರಿಸುವ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ಬದಲಾಗದಂತೆ, ಟಿಕೆಟ್ ಮತ್ತು ಪರ್ಮಿಟ್ ಅರ್ಜಿಯಲ್ಲಿ ಬರೆಸಿ. ಮತದಾರರ ಚೀಟಿಯ ತಪ್ಪು ತಿದ್ದಿಸಲು, ಅಳಿಸಿಹೋದ ಫೋಟೋ ಇರುವ ಹಳೆಯ ಚೀಟಿ ಬದಲಾಯಿಸಲು ನಮೂನೆ 8 ಹಾಕಬೇಕು. ಇದು ಹೊರಡುವ ವಾರದಲ್ಲಿ ಮುಗಿಯುವ ಕೆಲಸವಲ್ಲ.

ಭೂತಾನದ ಪರ್ಮಿಟ್‌ಗೆ ಅಲ್ಲಿನ ವಲಸೆ ಇಲಾಖೆಯ ಆನ್‌ಲೈನ್ ಅರ್ಜಿಯಲ್ಲಿ ದಾಖಲೆ ಮತ್ತು ಫೋಟೋ ಅಪ್‌ಲೋಡ್ ಮಾಡಿ, ಉಳಿಯುವ ಜಾಗ, ದಿನಾಂಕಗಳನ್ನು ತುಂಬಿ, ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಭಾರತೀಯರಿಗೆ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ. 6ರಿಂದ 12 ವರ್ಷದವರಿಗೆ 600. ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಂಡ, ಹೆಂಡತಿ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು 5 ರಾತ್ರಿ ಉಳಿದರೆ ದೊಡ್ಡವರದು 12,000, ಹಿರಿಯ ಮಗುವಿನದು 3,000, ಒಟ್ಟು 15,000 ರೂಪಾಯಿ. ಹೋಟೆಲ್, ಕಾರು, ಊಟದ ಖರ್ಚು ಇದರಲ್ಲಿ ಸೇರಿಲ್ಲ. ಪ್ಯಾಕೇಜ್ ಅಗ್ಗವಾಗಿ ಕಂಡರೆ ಈ ಶುಲ್ಕ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ನೇಪಾಳ ಇಷ್ಟು ಬಿಗಿಯಲ್ಲ. ದಿನದ ಶುಲ್ಕವೂ ಇಲ್ಲ, ಮುಂಗಡ ಪರ್ಮಿಟೂ ಇಲ್ಲ. ಆದರೂ ವಿಮಾನದಲ್ಲಿ ಹೋಗುವ ದೊಡ್ಡವರು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಒಯ್ಯಲೇಬೇಕು. 15ಕ್ಕಿಂತ ಚಿಕ್ಕವರಿಗೆ, 65 ದಾಟಿದವರಿಗೆ ಮಾತ್ರ ಆಧಾರ್ ನಡೆಯುತ್ತದೆ; 15ರಿಂದ 18ರ ಮಕ್ಕಳಿಗೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ಸಾಕು. ಅಲ್ಲಿಂದ ಮುಂದೆ ಕೈಲಾಸಕ್ಕೆ ಹೋಗುವುದಾದರೆ ಪಾಸ್‌ಪೋರ್ಟ್ ಬೇಕೇ ಬೇಕು.

ವಿದೇಶಿ ಪೌರತ್ವ ಪಡೆದ ಮಗ, ಮಗಳು ರಜೆಗೆ ಬಂದು ಜೊತೆಗೆ ಹೊರಟರೆ ಅವರ ಲೆಕ್ಕ ಬೇರೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಒಸಿಐ ಕಾರ್ಡ್ ಭಾರತದ ಒಳಗೆ ಕೊಡುವ ಸವಲತ್ತು ಈ ದೇಶಗಳಲ್ಲಿ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವವರು ನೇಪಾಳದಲ್ಲಿ ಇಳಿದ ಮೇಲೆ 15 ದಿನಕ್ಕೆ 30 ಡಾಲರ್ ಕಟ್ಟಿ ವೀಸಾ ಪಡೆಯಬೇಕು. ಭೂತಾನಕ್ಕೆ ಮುಂಚೆಯೇ ವೀಸಾ ಮಾಡಿಸಿ, ರಾತ್ರಿಗೆ 100 ಡಾಲರ್ ಶುಲ್ಕ ಕಟ್ಟಬೇಕು. ವಾಪಸು ಭಾರತಕ್ಕೆ ಬರುವಾಗ ವಿದೇಶಿ ಪಾಸ್‌ಪೋರ್ಟ್, ಒಸಿಐ ಎರಡನ್ನೂ ತೋರಿಸಬೇಕು.

ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ನಮ್ಮ ದೇಶದ ಕಾನೂನಿನದು. ಗಡಿಯಾಚೆ ಅದಕ್ಕೆ ಬೆಲೆ ಇಲ್ಲ, ಕೋವಿ, ತೋಟಾ ಮನೆಯಲ್ಲೇ ಇರಲಿ. ನೆಂಟರ ಮದುವೆಗೆ ಕೊಡವ ಉಡುಪಾದ ಕುಪ್ಯಚೇಲೆ ಒಯ್ಯುವವರು ಅದರೊಂದಿಗೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಕೈಚೀಲದಲ್ಲಿ ಇಡಬೇಡಿ, ವಿಮಾನ ನಿಲ್ದಾಣದ ತಪಾಸಣೆಯಲ್ಲೇ ತೆಗೆಸುತ್ತಾರೆ.

ಭೂತಾನದ ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ನೂರು ಭಾರತೀಯ ರೂಪಾಯಿಗೆ ನೇಪಾಳದ 160. ಎರಡೂ ಕಡೆಗೆ ನೂರರ ನೋಟುಗಳನ್ನು ಒಯ್ಯುವುದು ಸುಲಭ. ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನು ಊರಲ್ಲಿರುವಾಗಲೇ ಹಾಕಿಸಿ. ಇಲ್ಲದಿದ್ದರೆ ಗಡಿ ದಾಟಿದ ಮೇಲೆ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಕಾರ್ಡ್ ಇದ್ದೂ ಆನ್‌ಲೈನಿನಲ್ಲಿ ಹಣ ಕಟ್ಟಲಾಗುವುದಿಲ್ಲ.