ದುನಾಕೆಸಿ ಬರೀ ಮಲಗೋಕೆ ಹೋಗುವ ಊರಾ?

ಓದುಗರ ಪ್ರಶ್ನೆ: ಬುಡಾಪೆಸ್ಟ್ ಸುತ್ತಲಿನ ಊರುಗಳನ್ನು ‘ಮಲಗುವ ಊರು’ ಅಂತಾರಲ್ಲ, ದುನಾಕೆಸಿಯೂ ಹಾಗೇನಾ? ಅದಕ್ಕೆ ತನ್ನದೇ ಅನ್ನುವ ಚರಿತ್ರೆ ಇದೆಯಾ, ಇಲ್ಲ ರಾಜಧಾನಿ ತುಂಬಿ ಹೊರಗೆ ಚೆಲ್ಲಿದ ಮನೆಗಳಷ್ಟೇನಾ?

ಮೊದಲು ಆ ಪದವನ್ನೇ ನೋಡೋಣ. ಹಂಗೇರಿಯವರು ಇಂಥ ಊರಿಗೆ ‘ಅಲ್ವೋವಾರೋಷ್’ ಅನ್ನುತ್ತಾರೆ. ವಾರೋಷ್ ಅಂದರೆ ಪಟ್ಟಣ, ಅಲ್ವೋ ಅಂದರೆ ಮಲಗಿರುವ. ಹಗಲೆಲ್ಲ ನಗರದಲ್ಲಿ ದುಡಿದು, ರಾತ್ರಿ ಮಲಗೋಕಷ್ಟೇ ಜನ ಬರುವ ಊರು ಅಂತ. ನಮ್ಮ ಕಿವಿಗೆ ‘ಹೌದು ಅಲ್ವೋ?’ ಅಂತ ಯಾರೋ ಕೇಳಿದ ಹಾಗಿರುತ್ತದೆ, ಇರಲಿ. ದಿನಾ ಹೋಗಿ ಬರುವವರಿಗೂ ಅಲ್ಲಿ ಒಂದು ಪದವಿದೆ: ‘ಇಂಗಾಜೋ’. ಇಂಗಾ ಅಂದರೆ ಗಡಿಯಾರದ ಲೋಲಕ. ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ. ದುನಾಕೆಸಿಯಲ್ಲಿ ಹೀಗೆ ತೂಗುವ ಜನ ಜಾಸ್ತಿಯೇ ಇದ್ದಾರೆ. ಆದರೆ ಮಲಗೋಕೆ ಜನ ಬರುವುದಕ್ಕೆ ತುಂಬ ಮುಂಚೆ ಇಲ್ಲಿಗೆ ರೈಲು ಬಂದಿತ್ತು, ಕುದುರೆಗಳು ಬಂದಿದ್ದವು, ಕಾರ್ಖಾನೆ ಬಂದಿತ್ತು. ರಾಜಧಾನಿಗೆ ಜಾಗ ಸಾಲದೆ ಹೋದಾಗಲೆಲ್ಲ ಈ ಮರಳು ಬಯಲಿಗೆ ಏನಾದರೂ ಒಂದು ಬಂದು ಕೂತಿದೆ. ಮನೆಗಳ ಸಾಲು ಅದರಲ್ಲಿ ಕೊನೆಯದು.

ಊರಿರುವುದು ಬುಡಾಪೆಸ್ಟ್‌ನ ಉತ್ತರದ ಗಡಿಗೆ ಅಂಟಿಕೊಂಡು, ಡ್ಯಾನ್ಯೂಬ್ ನದಿಯ ಎಡದಂಡೆಯಲ್ಲಿ. ಆ ನದಿಗೆ ಹಂಗೇರಿಯನ್ನರ ಹೆಸರು ದುನಾ. ಕೆಸಿ ಅನ್ನುವುದು 9ನೇ ಶತಮಾನದ ಕೊನೆಗೆ ಈ ನಾಡಿಗೆ ಬಂದು ನೆಲೆಸಿದ ಏಳು ಮಗ್ಯಾರ್ (ಅಂದರೆ ಹಂಗೇರಿಯನ್) ಬುಡಕಟ್ಟುಗಳಲ್ಲಿ ಒಂದರ ಹೆಸರು. ಅಂದರೆ ‘ಡ್ಯಾನ್ಯೂಬ್ ದಂಡೆಯ ಕೆಸಿ’. ಅದಕ್ಕೂ ಹಿಂದೆ, 4ನೇ ಶತಮಾನದಲ್ಲಿ, ರೋಮನ್ನರು ಇಲ್ಲಿ ನದಿ ಕಾಯುವ ಒಂದು ಸಣ್ಣ ಕೋಟೆ ಕಟ್ಟಿದ್ದರು. ವಿಚಿತ್ರ ಅಂದರೆ ಅವರ ಸಾಮ್ರಾಜ್ಯ ಮುಗಿಯುತ್ತಿದ್ದದ್ದು ಆಚೆ ದಂಡೆಯಲ್ಲಿ. ಈ ಕೋಟೆ ಮಾತ್ರ ನದಿ ದಾಟಿ, ಪರರ ನೆಲದಲ್ಲಿ ನಿಂತಿತ್ತು. ಅದರ ಗೋಡೆಗಳು ಈಗ ನದಿ ಬದಿಯ ಮನೆಗಳ ಕೆಳಗಿವೆ.

ಊರಿನ ಹಣೆಬರಹ ಬದಲಾಗಿದ್ದು ಜುಲೈ 15, 1846ರಂದು. ಪೆಸ್ಟ್‌ನಿಂದ ವಾಟ್ಸ್ ಪಟ್ಟಣಕ್ಕೆ ಹಂಗೇರಿಯ ಮೊಟ್ಟಮೊದಲ ಉಗಿ ರೈಲು ಓಡಿದ್ದು ಅವತ್ತು, ಅದೂ ದುನಾಕೆಸಿಯ ಮೇಲೆಯೇ. ಆಗ ಬುಡಾಪೆಸ್ಟ್ ಅನ್ನುವ ನಗರವೇ ಇರಲಿಲ್ಲ ಅನ್ನುವುದು ನೆನಪಿರಲಿ. ಬುಡಾ, ಪೆಸ್ಟ್, ಓಬುಡಾ ಒಂದಾಗಿದ್ದು 1873ರಲ್ಲಿ. ರಾಜಧಾನಿಗಿಂತ ಮೊದಲೇ ರಾಜಧಾನಿಯ ರೈಲು ಕಂಡ ಊರು ಇದು!

ಆಮೇಲೆ ಕುದುರೆಗಳು. ನನಗೆ ಈ ಊರಿನ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ. 19ನೇ ಶತಮಾನದ ಕೊನೆಗೆ ರೇಸ್ ಕುದುರೆಗಳನ್ನು ಪಳಗಿಸಲು ನಗರದ ಹೊರಗೆ ಜಾಗ ಬೇಕಾಯಿತು. ಊರಿನ ಪೂರ್ವಕ್ಕಿದ್ದ ಅಲಗ್ ಬಯಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಮರಳು ನೆಲ, ಮಳೆ ನೀರು ನಿಲ್ಲುವುದಿಲ್ಲ, ಕುದುರೆಯ ಕಾಲಿಗೆ ಮೆತ್ತಗೆ. ಪಕ್ಕದಲ್ಲೇ ರೈಲು. ಲಾಯಗಳೆದ್ದವು, ರೇಸ್ ಮೈದಾನವಾಯಿತು. ಇಂಗ್ಲೆಂಡಿನಿಂದ ತರಬೇತುದಾರರು, ಜಾಕಿಗಳು ಬಂದು ನೆಲೆಸಿದರು. ಹಂಗೇರಿಯ ಹಳ್ಳಿ ಬೀದಿಯಲ್ಲಿ ಇಂಗ್ಲಿಷ್ ಮಾತು ಕೇಳಿಸುತ್ತಿದ್ದ ಕಾಲ ಅದು. ಕಿನ್ಚೆಮ್ ಅನ್ನುವ ಹೆಣ್ಣು ಕುದುರೆಯ ಹೆಸರು ಕೇಳಿರಬಹುದು. ಓಡಿದ್ದು 54 ರೇಸು, ಗೆದ್ದಿದ್ದೂ 54. ಕಿನ್ಚೆಮ್ ಅಂದರೆ ‘ನನ್ನ ನಿಧಿ’. ನಾವಾಗಿದ್ದರೆ ‘ನನ್ನ ಚಿನ್ನ’ ಅಂತಿದ್ದೆವು. ಅವಳ ಲಾಯ ಇದ್ದದ್ದು ಪಕ್ಕದ ಊರು ಗೊದ್‌ನಲ್ಲಿ. 1887ರಲ್ಲೇ ತೀರಿಕೊಂಡಳು, ಹಾಗಾಗಿ ಅಲಗ್‌ನ ವೈಭವ ಅವಳು ನೋಡಲಿಲ್ಲ. ಅಲಗ್ ಮುಂದೆ ದುನಾಕೆಸಿಯೊಳಗೇ ಸೇರಿಹೋಯಿತು.

ಕುದುರೆಯ ಜೊತೆಗೆ ಕಬ್ಬಿಣವೂ ಬಂತು. 1926ರಲ್ಲಿ ಇಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಯಿತು. ದೇಶದ ಪ್ರಯಾಣಿಕರ ಬೋಗಿಗಳು ರಿಪೇರಿಗೆ ಬರುತ್ತಿದ್ದದ್ದು ಇಲ್ಲಿಗೆ. ಕೆಲಸಗಾರರಿಗೆ ಅಂತ ಒಂದು ಕಾಲೊನಿಯೇ ಎದ್ದಿತು. ಅಪ್ಪನ ಕೆಲಸವೇ ಮಗನಿಗೂ ಅನ್ನುವಂಥ ಜಾಗಗಳು ಇವು. ಇಂಥ ಕಾಲೊನಿ ಇರುವ ಊರನ್ನು ಬರೀ ಮಲಗುವ ಊರು ಅಂತ ಕರೆಯೋಕೆ ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ಜನ ತುಂಬಿದ್ದು ಯಾವಾಗ? ಜನವರಿ 1, 1950ರಂದು ಬುಡಾಪೆಸ್ಟ್ ತನ್ನ ಸುತ್ತಲಿನ 23 ಊರುಗಳನ್ನು ನುಂಗಿತು. ಉತ್ತರದಲ್ಲಿ ಉಯ್‌ಪೆಸ್ಟ್, ರಾಕೋಷ್‌ಪಾಲೋತಾ ಒಳಗೆ ಹೋದವು. ನಗರದ ಗಡಿಗೆರೆ ದುನಾಕೆಸಿಯ ಹೊಸ್ತಿಲಲ್ಲಿ ನಿಂತಿತು. ಆ ಗೆರೆಗೆ ಬೆಲೆ ಇತ್ತು. ಸಮಾಜವಾದಿ ಸರ್ಕಾರದ ಕಾಲದಲ್ಲಿ ಹೊರಗಿನವರು ಬುಡಾಪೆಸ್ಟ್‌ನಲ್ಲಿ ನೆಲೆಸುವುದು ಸುಲಭವಿರಲಿಲ್ಲ, ಅದಕ್ಕೆ ನಿರ್ಬಂಧಗಳಿದ್ದವು. ಕೆಲಸ ನಗರದಲ್ಲಿ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಗೆರೆಯ ಈಚೆ ಮನೆ ಹಿಡಿದು ರೈಲು ಹತ್ತುವುದೇ ದಾರಿ. ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟುವ ‘ಪನೆಲ್’ ಅಪಾರ್ಟ್‌ಮೆಂಟುಗಳು ಇಲ್ಲೂ ಎದ್ದವು. 1977ರಲ್ಲಿ ಊರಿಗೆ ಪಟ್ಟಣದ ದರ್ಜೆ ಸಿಕ್ಕಿತು.

1990ರ ನಂತರ ಹರಿವು ತಿರುಗಿತು. ಮೊದಲೆಲ್ಲ ಬುಡಾಪೆಸ್ಟ್ ಒಳಗೆ ಹೋಗಲಾಗದವರು ಇಲ್ಲಿ ನಿಲ್ಲುತ್ತಿದ್ದರು. ಈಗ ಬುಡಾಪೆಸ್ಟ್‌ನವರೇ ಹೊರಗೆ ಬರತೊಡಗಿದರು. ಅವರಿಗೆ ಬೇಕಾಗಿದ್ದು ‘ಕೆರ್ತೆಶ್ ಹಾಜ್’, ಅಂದರೆ ಸುತ್ತ ಒಂದಿಷ್ಟು ತೋಟ ಇರುವ ಮನೆ. ಅಗ್ಗದ ಗೃಹಸಾಲಗಳೂ ಕೈ ಹಿಡಿದವು. 2001ರಲ್ಲಿ ಊರಿನ ಜನ 30,000ಕ್ಕಿಂತ ಕಡಿಮೆ ಇದ್ದರು, 2011ಕ್ಕೆ 40,000 ದಾಟಿದರು. 2008ರಲ್ಲಿ ಊರಿನ ದಕ್ಷಿಣಕ್ಕೆ ಡ್ಯಾನ್ಯೂಬ್ ಮೇಲೆ ಮೆಡ್ಯೆರಿ ಸೇತುವೆ ತೆರೆದಾಗ ಆಚೆ ದಂಡೆಯೂ ಹತ್ತಿರವಾಯಿತು. ಆ ಸೇತುವೆಗೆ ಹೆಸರಿಡಲು ಆನ್‌ಲೈನ್ ಮತದಾನ ನಡೆಸಿದ್ದರು. ಗೆದ್ದಿದ್ದು ಅಮೆರಿಕದ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್! ಸರ್ಕಾರ ಸುಮ್ನೆ ಬೇರೆ ಹೆಸರು ಇಟ್ಟಿತು.

ಬೆಳವಣಿಗೆಯ ಬಿಲ್ ಈಗ ಕಟ್ಟುತ್ತಿರುವುದು ಬೆಳಗಿನ ಹೊತ್ತು. 2ನೇ ನಂಬರಿನ ಹೆದ್ದಾರಿಯಲ್ಲಿ ಕಾರುಗಳ ಸಾಲು. ಮೆಟ್ರೋ ಇಲ್ಲಿಯವರೆಗೆ ಬರುವುದಿಲ್ಲ, ಬಸ್ ಹಿಡಿದು ಉಯ್‌ಪೆಸ್ಟ್‌ಗೆ ಹೋಗಿ ಹತ್ತಬೇಕು. ಮಕ್ಕಳಿರುವ ಕುಟುಂಬಗಳೇ ಜಾಸ್ತಿ ಬಂದದ್ದರಿಂದ ಶಾಲೆಗಳ ಮೇಲೂ ಒತ್ತಡ. ಕೊನೆಗೆ ಜನರ ಕೈ ಬಿಡದೆ ಇರುವುದು 1846ರ ಅದೇ ರೈಲು ಮಾರ್ಗ.

ನೀವೇ ಹೋಗಿ ನೋಡುವುದಾದರೆ ಬುಡಾಪೆಸ್ಟ್‌ನ ನ್ಯುಗತಿ ನಿಲ್ದಾಣದಲ್ಲಿ ವಾಟ್ಸ್ ಕಡೆಯ ರೈಲು ಹತ್ತಿ. ಪ್ಯಾರಿಸ್ಸಿನ ಐಫೆಲ್ ಕಂಪನಿ ಕಟ್ಟಿದ ನಿಲ್ದಾಣ ಅದು. ಈ ಮಾರ್ಗದಲ್ಲಿ ದುನಾಕೆಸಿಗೆ ಒಂದಲ್ಲ, ಮೂರು ನಿಲ್ದಾಣ. ವರ್ಕ್‌ಶಾಪ್ ಕಾಲೊನಿ ನೋಡಬೇಕಾದರೆ ಗ್ಯಾರ್‌ತೆಲೆಪ್‌ನಲ್ಲಿ ಇಳಿಯಿರಿ, ಹೆಸರಿನ ಅರ್ಥವೇ ಕಾರ್ಖಾನೆ ಕಾಲೊನಿ. ನಡುವಿನ ನಿಲ್ದಾಣದಲ್ಲಿ ಇಳಿದರೆ ಪೂರ್ವಕ್ಕೆ ಅಲಗ್, ಪಶ್ಚಿಮಕ್ಕೆ ನದಿ. ದಂಡೆಯಿಂದ ಎದುರಿನ ಸೆಂಟೆಂಡ್ರೆ ದ್ವೀಪಕ್ಕೆ ದೋಣಿಯೂ ಇದೆ.