ಐದು ಅಕ್ಷರ ಸಾಕು, ಓದು ಶುರುವಾಗಲಿ

"ಅ ದಿಂದ ಳ ತನಕ ಪಟಪಟ ಹೇಳ್ತಾನ್ರೀ ಸರ್. ಪುಸ್ತಕ ಕೊಟ್ರ ಒಂದ ಶಬ್ದಾನೂ ಓದೂದಿಲ್ಲ." ಬಾಗಲಕೋಟೆ ಕಡೆ ಒಂದನೇ, ಎರಡನೇ ತರಗತಿ ಮಕ್ಕಳ ತಾಯಂದಿರು ನನ್ನ ಹತ್ತಿರ ಜಾಸ್ತಿ ಹೇಳುವ ಮಾತು ಇದು.

ಮಗುವಿನದು ಏನೂ ತಪ್ಪಿಲ್ಲ. 49 ಅಕ್ಷರ ಬಾಯಿಪಾಠ ಆಗಿದೆ, ಅಷ್ಟೇ. ಓದು ಅಂದರೆ ಅಕ್ಷರ ನೋಡಿ ಅದರ ಸದ್ದು ಹಿಡಿಯಬೇಕು, ಪಕ್ಕದ ಸದ್ದಿಗೆ ಕೂಡಿಸಬೇಕು. ಆ ಕೂಡಿಸುವ ಕೆಲಸಕ್ಕೆ ವರ್ಣಮಾಲೆ ಮುಗಿಯುವ ತನಕ ಯಾಕೆ ಕಾಯಬೇಕು?

ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಆಡುತ್ತ ಕಲಿಯುವ ಪದ್ಧತಿ ನಲಿ-ಕಲಿಯಲ್ಲಿ ರ, ಗ, ಸ, ದ, ಅ ದಿಂದ ಶುರು ಮಾಡುವುದು ಇದಕ್ಕೇ. ಮನೆಯಲ್ಲೂ ಮಾಡಬಹುದು. ಹಳೆ ಲಗ್ನಪತ್ರಿಕೆ ಕತ್ತರಿಸಿ, ಹಿಂದೆ ಒಂದೊಂದು ಅಕ್ಷರ ದಪ್ಪಗೆ ಬರೆಯಿರಿ. ಗ ಮಾತ್ರ ಎರಡಿರಲಿ. ಈಗ ನೆಲದ ಮೇಲೆ 'ಅರಸ' ಜೋಡಿಸಿ. ಅ ತೆಗೆಯಿರಿ, ಏನಾಯ್ತು? ರಸ. ಅ ವಾಪಸ್ ಇಟ್ಟು, ರ ಜಾಗಕ್ಕೆ ಗ ಇಡಿ. ಅಗಸ! ಅರಸ ಹೋಗಿ ಅಗಸ ಬಂದ ಅಂತ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮುಂದೆ ಸರ, ದರ ಅವರೇ ಮಾಡುತ್ತಾರೆ. 'ಗರಗಸ' ಜೋಡಿಸಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸುತ್ತಾರೆ. ಹತ್ತು ನಿಮಿಷ ಆಡಿಸಿ ಸಾಕು. ಮಗುವಿಗೆ ಇನ್ನೂ ಬೇಕು ಅನಿಸುವಾಗಲೇ ಎತ್ತಿಡಿ.

ಇನ್ನೂ ಚಿಕ್ಕ ಮಕ್ಕಳಿಗೆ ಕಾಗದವೂ ಬೇಡ. ಕಾಯಿಪಲ್ಲೆ ಸೋಸುವಾಗ ಚಪ್ಪಾಳೆ ಹೊಡೆಸಿ. ಉ-ಳ್ಳಾ-ಗ-ಡ್ಡಿ, ನಾಲ್ಕು. ಬ-ದ-ನಿ-ಕಾ-ಯಿ, ಐದು. ಶಬ್ದವನ್ನು ಹೀಗೆ ಕಿವಿಯಿಂದ ಬಿಡಿಸಲು ಬಂದರೆ ಮುಂದೆ ಕಣ್ಣಿನಿಂದ ಕೂಡಿಸುವುದು ಸಲೀಸು. ರೊಟ್ಟಿ ಬಡಿಯುವಾಗ ಪರಾತದ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ, ಅಕ್ಷರ ಗೀಚಲೂ ಬಿಡಿ.

ಕಾಗುಣಿತ ಬಂದ ಮೇಲೆ ಬಸ್ ಸ್ಟ್ಯಾಂಡ್‌ಗಿಂತ ಒಳ್ಳೆ ಜಾಗ ಇಲ್ಲ. ಬೋರ್ಡಿನ ಅಕ್ಷರ ದೊಡ್ಡದು, ಹೆಸರು ಮೊದಲೇ ಗೊತ್ತಿರುತ್ತದೆ. ಬಾದಾಮಿ, ಬೀಳಗಿ ಮೊದಲು ಓದಿಸಿ, ಒತ್ತಕ್ಷರ ಇಲ್ಲ. ಆಮೇಲೆ ಜಮಖಂಡಿ, ಅಲ್ಲಿ ಸೊನ್ನೆ ಇದೆ. ಗುಳೇದಗುಡ್ಡ ಕೊನೆಗಿರಲಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಪುಸ್ತಕದಲ್ಲಿ 'ಮನೆ' ಇದ್ದು ಮಗು 'ಮನಿ' ಅಂದರೆ ಗದರಬೇಡಿ. ಅದು ಅಕ್ಷರ ನೋಡಿದೆ, ಅರ್ಥವನ್ನೂ ಹಿಡಿದಿದೆ, ತನ್ನ ಮನೆಮಾತಿನಲ್ಲಿ ಹೇಳಿದೆ. ಓದು ಅಂದರೆ ಇದೇ ಅಲ್ವಾ? "ಪುಸ್ತಕದಾಗ ಮನೆ ಅಂತ ಬರೀತಾರ ನೋಡು" ಅಂತ ಬೆರಳಿಟ್ಟು ತೋರಿಸಿ, ಮುಂದೆ ಹೋಗಿ. ಸಾಲುಸಾಲಿಗೆ ತಡೆದರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ನನಗಂತೂ ಅದೇ ದೊಡ್ಡ ಭಯ.

ಬೇಕಾದರೆ ಮಗು ಹೇಳಿದ್ದನ್ನೇ ಪಾಟಿಯ ಮೇಲೆ ಬರೆದುಕೊಡಿ. "ನಮ್ಮ ಆಡು ಮರಿ ಹಾಕೇತಿ." ತಾನು ಆಡಿದ ಮಾತು, ಬೆರಳಿಟ್ಟು ಒಂದೊಂದೇ ಶಬ್ದ ತಾನೇ ಓದುತ್ತದೆ. ನಿಮಗೆ ಬರೆಯಲು ಬಾರದಿದ್ದರೆ ದೊಡ್ಡ ಮಕ್ಕಳಿಗೆ ಹೇಳಿ, ಅಕ್ಕ ಬರೆಯಲಿ, ತಮ್ಮ ಓದಲಿ.

ಇಷ್ಟೆಲ್ಲ ಆಡಿಸಿದರೂ ಮೂರನೇ ತರಗತಿ ಹೊತ್ತಿಗೆ ಎರಡು ಅಕ್ಷರ ಕೂಡಿಸಲು ಒದ್ದಾಡುತ್ತಿದ್ದರೆ 'ದಡ್ಡ' ಅನ್ನಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಮಾಸ್ತರರ ಜೊತೆ ಕೂತು ಮಾತಾಡಿ.