ಅಸಿಸ್ಟೆಂಟ್ ಯಾವುದಾದರೇನು, ನೆನಪು ಪ್ರಾಜೆಕ್ಟಿನದ್ದಾಗಿರಲಿ

ಶಿರಸಿಯ ಅಡಿಕೆ ವ್ಯಾಪಾರದಲ್ಲಿ ದರ ಹೇಳುವುದು ಕ್ವಿಂಟಾಲಿಗೆ, ತೂಕ ಬರೆಯುವುದು ಕೇಜಿಯಲ್ಲಿ. ಇಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೋಡ್ ಬರೆಯುವ ಎಐ ಅಸಿಸ್ಟೆಂಟಿಗೆ ಮಾತ್ರ ಹೇಳಲೇಬೇಕು. ಹೇಳಿದರೆ ಸರಿಯಾಗಿಯೇ ಬರೆಯುತ್ತದೆ. ಆದರೆ ಇಂಥ ಅಸಿಸ್ಟೆಂಟ್‌ಗಳು ಹಲವು: ಕ್ಲಾಡ್ ಕೋಡ್, ಕರ್ಸರ್, ಕೋಡೆಕ್ಸ್. ಕ್ಲಾಡ್ ಕೋಡ್‌ಗೆ ಹೇಳಿದ್ದು ಕರ್ಸರ್‌ಗೆ ಗೊತ್ತಾಗುವುದಿಲ್ಲ, ಕರ್ಸರ್‌ಗೆ ಹೇಳಿದ್ದು ಕೋಡೆಕ್ಸ್‌ಗೆ ಗೊತ್ತಾಗುವುದಿಲ್ಲ.

ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಮ್ಮ ಸಣ್ಣ ತಂಡದಲ್ಲಿ ಒಬ್ಬರು ಯಲ್ಲಾಪುರದಿಂದ, ಒಬ್ಬರು ಕುಮಟಾದಿಂದ ಕೆಲಸ ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಟೂಲ್ ಇಷ್ಟ. ಹಾಗಾಗಿ ಈ ಸಮಸ್ಯೆ ನಮಗೆ ದಿನದ ಸಮಸ್ಯೆ.

ಇದರ ಪರಿಣಾಮ ಏನು ಅಂತ ಒಂದು ಲೆಕ್ಕದಲ್ಲಿ ನೋಡಿ. 87 ಕೇಜಿ ಚಾಲಿ ಅಡಿಕೆ, ದರ ಕ್ವಿಂಟಾಲಿಗೆ 48,000 ಅಂದುಕೊಳ್ಳಿ. ತೂಕವನ್ನು ದರದಿಂದ ಗುಣಿಸಿ 100ರಿಂದ ಭಾಗಿಸಿದರೆ 41,760 ರೂಪಾಯಿ. ಒಂದು ಅಸಿಸ್ಟೆಂಟ್ ತೂಕ ಓದುವಾಗಲೇ 100ರಿಂದ ಭಾಗಿಸುತ್ತದೆ. ಇನ್ನೊಂದು ಅಸಿಸ್ಟೆಂಟ್ ಬಿಲ್ ಮಾಡುವಾಗ ಮತ್ತೆ ಭಾಗಿಸುತ್ತದೆ. ರೈತನ ಬಿಲ್ಲು 417 ರೂಪಾಯಿ 60 ಪೈಸೆಗೆ ಬಂದು ನಿಲ್ಲುತ್ತದೆ. ಎರಡೂ ತಾವು ಬರೆದ ಭಾಗಕ್ಕೆ ಟೆಸ್ಟ್ (ಕೋಡ್ ಸರಿಯಿದೆಯೇ ಅಂತ ನೋಡುವ ಕೋಡ್) ಕೂಡ ಬರೆದಿರುತ್ತವೆ, ಎರಡೂ ಟೆಸ್ಟ್ ಪಾಸಾಗುತ್ತವೆ. ತಪ್ಪು ಇರುವುದು ಎರಡರ ನಡುವೆ.

ಯಾಕೆ ಹೀಗೆ? ಭಾಷಾ ಮಾಡೆಲ್‌ಗೆ ನಿನ್ನೆಯ ಮಾತುಕತೆ ತನ್ನಷ್ಟಕ್ಕೆ ನೆನಪಿರುವುದಿಲ್ಲ. ಪ್ರತಿ ಸಲವೂ ಅದಕ್ಕೆ ಬೇಕಾದದ್ದನ್ನೆಲ್ಲ ಪಠ್ಯವಾಗಿ ಕಳಿಸಬೇಕು. ನಾವು ‘ಮೆಮೊರಿ’ ಅನ್ನುವುದು ಎಲ್ಲೋ ಉಳಿಸಿಟ್ಟ ಬರಹ. ಟೂಲ್ ಅದನ್ನು ತೆಗೆದು ಮಾತುಕತೆಯ ಜೊತೆ ಸೇರಿಸುತ್ತದೆ, ಅಷ್ಟೆ. ಬರಹ ಅಂದಮೇಲೆ ಅದನ್ನು ಹಂಚಿಕೊಳ್ಳಬಹುದು ಅಲ್ವಾ?

ಆದರೆ ಆ ಬರಹ ಟೂಲಿನ ಹೊಟ್ಟೆಯಲ್ಲಿ ಇರಬಾರದು. ಕೆಲವು ಟೂಲ್‌ಗಳು ತಾವಾಗಿಯೇ ನೆನಪು ಬರೆದಿಟ್ಟುಕೊಳ್ಳುತ್ತವೆ. ಒಬ್ಬರೇ ಕೆಲಸ ಮಾಡುವವರಿಗೆ ಅದು ಸಾಕು. ತಂಡಕ್ಕೆ ಸಾಲದು. ನಾವು ಪ್ರಾಜೆಕ್ಟಿನ ರೆಪೊಸಿಟರಿಯಲ್ಲೇ (ತಂಡದವರೆಲ್ಲ ಹಂಚಿಕೊಳ್ಳುವ ಕೋಡಿನ ಸಂಗ್ರಹ), ಕೋಡಿನ ಪಕ್ಕದಲ್ಲೇ ಇಡುತ್ತೇವೆ. ‘ಏಜೆಂಟ್ಸ್ ಡಾಟ್ ಎಂಡಿ’ ಅನ್ನುವ ಫೈಲನ್ನು ಕೋಡೆಕ್ಸ್, ಕರ್ಸರ್ ಮತ್ತು ಇನ್ನೂ ಹಲವು ಟೂಲ್‌ಗಳು ಓದುತ್ತವೆ. ಕ್ಲಾಡ್ ಕೋಡ್ ಓದುವುದು ‘ಕ್ಲಾಡ್ ಡಾಟ್ ಎಂಡಿ’. ಅದರೊಳಗೆ ಅಟ್ (@) ಚಿಹ್ನೆ ಹಾಕಿ ಮೊದಲನೆಯ ಫೈಲಿನ ಹೆಸರು ಬರೆದರೆ ಅದನ್ನೂ ಎಳೆದುಕೊಳ್ಳುತ್ತದೆ. ಗೂಗಲ್‌ನ ಜೆಮಿನಿ ಸಿಎಲ್ಐಯಲ್ಲಿ ಯಾವ ಫೈಲ್ ಓದಬೇಕು ಅಂತ ಸೆಟ್ಟಿಂಗ್ಸ್‌ನಲ್ಲಿ ಹೇಳಬಹುದು. ಒಟ್ಟಿನಲ್ಲಿ ಮೂಲ ಪ್ರತಿ ಒಂದೇ ಇರಬೇಕು. ಟೂಲಿಗೊಂದು ನಕಲು ಮಾಡಿದರೆ ಸ್ವಲ್ಪ ದಿನದಲ್ಲೇ ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ.

ಇನ್ನೊಂದು ದಾರಿ ಎಂಸಿಪಿ. ಕ್ಲಾಡ್ ಮಾಡುವ ಆಂಥ್ರಾಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಬಿಟ್ಟ ಈ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಮೂಲಕ ಬೇರೆಬೇರೆ ಕಂಪನಿಗಳ ಅಸಿಸ್ಟೆಂಟ್‌ಗಳು ಒಂದೇ ಮೆಮೊರಿ ಸರ್ವರ್‌ಗೆ ಸೇರಿಕೊಳ್ಳಬಹುದು. ನೆನಪು ತುಂಬಾ ದೊಡ್ಡದಾದಾಗ ಇದು ಒಳ್ಳೆಯದು. ಇಡೀ ಫೈಲ್ ಓದುವ ಬದಲು ಬೇಕಾದಷ್ಟನ್ನೇ ಹುಡುಕಿ ತರಬಹುದು, ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಉಳಿಯುತ್ತದೆ. ತೊಂದರೆ ಏನೆಂದರೆ ಹುಡುಕಬೇಕು ಅಂತ ಅಸಿಸ್ಟೆಂಟಿಗೇ ಅನ್ನಿಸಬೇಕು. ಎಲ್ಲ ಸಲ ಅನ್ನಿಸುವುದಿಲ್ಲ. ಕ್ವಿಂಟಾಲ್-ಕೇಜಿಯಂಥ ನಿಯಮವನ್ನು ನಾನು ಆ ಭರವಸೆಯ ಮೇಲೆ ಬಿಡುವುದಿಲ್ಲ. ಸಣ್ಣ ತಂಡಕ್ಕೆ ಫೈಲೇ ಸಾಕು.

ಏನು ಬರೆಯಬೇಕು ಅನ್ನುವುದು ಜಾಸ್ತಿ ಮುಖ್ಯ. ಕೋಡ್ ನೋಡಿದರೆ ಗೊತ್ತಾಗುವುದನ್ನು ಸುಮ್ನೆ ತುಂಬಬೇಡಿ. ಕೋಡಿನಲ್ಲಿ ಕಾಣದ ಕಾರಣವನ್ನು ಬರೆಯಿರಿ. ಅಡಿಕೆಯ ಎರಡು ವಿಧಗಳ ಬಗ್ಗೆ ನಮ್ಮ ಫೈಲಿನಲ್ಲಿ ಹೀಗಿದೆ: ‘ಬಿಳಿಗೋಟು, ಕೆಂಪುಗೋಟು ಎರಡನ್ನೂ ಒಂದು ಮಾಡಬೇಡ. ಎರಡಕ್ಕೂ ದರ ಬೇರೆ, ಮಾರಾಟವೂ ಬೇರೆ.’ ಎರಡನೇ ವಾಕ್ಯ ಇಲ್ಲದಿದ್ದರೆ ಯಾವುದಾದರೂ ಅಸಿಸ್ಟೆಂಟ್ ಕೋಡನ್ನು ಚೊಕ್ಕ ಮಾಡುವ ಉತ್ಸಾಹದಲ್ಲಿ ಗೋಟು ಅಂತ ಒಂದೇ ವಿಧ ಇಟ್ಟು, ಅದಕ್ಕೊಂದು ಬಣ್ಣದ ಕಾಲಂ ಸೇರಿಸುತ್ತದೆ. ನೋಡಲು ಅದು ಅಚ್ಚುಕಟ್ಟಾಗಿಯೇ ಇರುತ್ತದೆ, ಮಂಡಿಯಲ್ಲಿ ಮಾತ್ರ ನಡೆಯುವುದಿಲ್ಲ.

ಹಂಚಿಕೊಂಡ ನೆನಪಿನಲ್ಲಿ ಒಂದು ತಪ್ಪು ಸಾಲು ಸೇರಿದರೆ ಎಲ್ಲ ಅಸಿಸ್ಟೆಂಟ್‌ಗಳೂ ಒಟ್ಟಿಗೆ ತಪ್ಪು ಮಾಡುತ್ತವೆ. ಹೊರಗಿನಿಂದ ಬಂದ ಎಕ್ಸೆಲ್ ಶೀಟಿನಲ್ಲೋ ವೆಬ್‌ಪುಟದಲ್ಲೋ ಯಾರಾದರೂ ಬೇಕೆಂದೇ ಅಡಗಿಸಿಟ್ಟ ಸೂಚನೆ ಕೂಡ ಹೀಗೆ ನೆನಪಿಗೆ ನುಸುಳಬಹುದು. ಆಮೇಲೆ ಅದು ನಮ್ಮದೇ ನಿಯಮದಂತೆ ಕೂತುಬಿಡುತ್ತದೆ. ಅದಕ್ಕೇ ಅಸಿಸ್ಟೆಂಟ್ ಹೊಸ ಸಾಲನ್ನು ಸೂಚಿಸಬಹುದು, ಒಪ್ಪುವುದು ಮನುಷ್ಯರು. ಕೋಡಿನಂತೆಯೇ ಅದೂ ಪುಲ್ ರಿಕ್ವೆಸ್ಟ್‌ನಲ್ಲಿ, ಅಂದರೆ ಸೇರಿಸುವ ಮೊದಲು ಬೇರೆಯವರು ನೋಡಿ ಒಪ್ಪುವ ಬದಲಾವಣೆಯಾಗಿ ಬರಬೇಕು. ಪಾಸ್‌ವರ್ಡ್, ರೈತರ ಖಾತೆ ನಂಬರ್ ಯಾವ ಕಾರಣಕ್ಕೂ ಅಲ್ಲಿ ಬರಬಾರದು.

ವ್ಯಾಪಾರದ ನಿಯಮಗಳನ್ನು ನಾವು ಕನ್ನಡದಲ್ಲೇ ಬರೆಯುತ್ತೇವೆ. ಇಂಗ್ಲಿಷಿಗಿಂತ ಟೋಕನ್ ಜಾಸ್ತಿ ಹೋಗುತ್ತದೆ, ನಿಜ. ಆದರೆ ಇರುವುದೇ ಸ್ವಲ್ಪ ಸಾಲು. ಆ ಭಾಗದ ಪ್ರಿಂಟ್ ತೆಗೆದು ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಕೊಟ್ಟರೆ ಅವರೇ ಓದಿ ತಿದ್ದುತ್ತಾರೆ. “ಸಿಪ್ಪೆಗೋಟು ಎಲ್ಲಿ ಹೋಯ್ತು ಮಾರಾಯ್ರೆ?” ಅಂತ ಅಡಿಕೆಯ ಇನ್ನೊಂದು ವಿಧದ ಬಗ್ಗೆ ಒಬ್ಬರು ಕೇಳಿದ್ದು ಹೀಗೆ ಓದುವಾಗಲೇ. ಅದೇ ದಿನ ಒಂದು ಸಾಲು ಸೇರಿಸಿದೆವು. ಯಲ್ಲಾಪುರದವರ ಟೂಲಿಗೂ ಕುಮಟಾದವರ ಟೂಲಿಗೂ ಬೇರೆ ಬೇರೆ ಹೇಳುವ ಕೆಲಸ ಉಳಿಯಲಿಲ್ಲ.